ಅಫ್ತಾಬನ ಗುನುಗು

ಬೆಳ್ಳಕ್ಕಿಯೊಂದು ನೀರು ಬಿಟ್ಟು ಮೇಲೆದ್ದ ಸದ್ದು, ಅಲ್ಲ, ಅದು ಹೆಡ್‌ಫೋನಿನೊಳಗಿನದು, ಹೋದ ವರ್ಷದ್ದು, ಎದುರಿಗೆ ಅತ್ತಿವೇರಿ ಜಲಾಶಯದ ನೀರು ಸುಮ್ಮನೆ ಬಿದ್ದಿದೆ, ಪೂರ್ಣಿಮಾ ಮತ್ತೆ ಹಿಂದಕ್ಕೆ ಒತ್ತುತ್ತಾಳೆ, ಹಕ್ಕಿ ಮತ್ತೆ ಏಳುತ್ತದೆ, ಅಫ್ತಾಬ ಮಾತ್ರ ಇಲ್ಲ — ಅವತ್ತು ಇದೇ ಕಲ್ಲಿನ ಮೇಲೆ ಮೈಕಿನ ಕೋಲು ಹಿಡಿದು ಕೂತಿದ್ದ, ದಾಂಡೇಲಿಯ ಗ್ಯಾರೇಜಿನ ಗ್ರೀಸು ಉಗುರಲ್ಲೇ ಇತ್ತು, ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿ ಬಾರಿಸಿ ಅದಕ್ಕೆ ಕಪ್ಪೆಯ ಕೂಗು ಕೂಡಿಸಿ ಇದೂ ಸಂಗೀತವೇ ಎಂದು ನಾಲ್ಕು ಜನರೆದುರು ಹೇಳುವ ಧೈರ್ಯ ಅವನೊಬ್ಬನಿಗಿತ್ತು, ಇವಳು ಎರಡನೆಯವಳು, ಮೂರನೆಯವರು ಸಿಗಲೇ ಇಲ್ಲ, ಈಗ ಇವಳೊಬ್ಬಳೇ.

ಹಳಿಯಾಳದ ತಿರುವಿನಲ್ಲಿ ಬೈಕು ಜಾರಿ ಅವನು ಹೋಗಿ ನಾಲ್ಕು ತಿಂಗಳು, ಮೊನ್ನೆ ಅವನ ತಂಗಿ ಶೈಸ್ತಾ ಫೋನು ಮಾಡಿದ್ದಳು, ಅಕ್ಕಾರ, ಅಮ್ಮಿ ಭೈಯಾನ ದನಿ ಕೇಳಬೇಕಂತ ಹಟ ಹಿಡದಾಳ್ರಿ, ನಿಮ್ಮ ಕಡೆ ಇರ್ಬೇಕಲ್ರಿ, ಎರಡ ವರ್ಷ ಬರೇ ರೆಕಾರ್ಡಿಂಗ ಮಾಡೀರಿ, ನಾಡಿದ್ದ ಅತ್ತಿವೇರಿಯಾಗ ಇರ್ತೇನಿ ಅಂದ್ರಲ್ರಿ, ಹನ್ನೆರಡರ ಬಸ್ಸಿಗೆ ಅಲ್ಲಿಗೇ ಬರ್ತೇನ್ರಿ — ಇರಬೇಕಲ್ಲ, ಹೌದು, ಇನ್ನೂರು ತಾಸು ಇದೆ, ಜೊಯಿಡಾದ ಬಿದಿರು, ಸನವಳ್ಳಿಯ ಒಕ್ಕಣೆ, ಮಹಾದೇವಕ್ಕನ ಬೀಸುಕಲ್ಲು, ಎಲ್ಲ ಇದೆ, ಫೋನಿಗೂ ಅವನು ಮಾತು ಕಳಿಸಿದವನಲ್ಲ, ಕಳಿಸಿದ್ದೆಲ್ಲ ಕಪ್ಪೆ, ನಲ್ಲಿ, ಕಿರುಗುಟ್ಟುವ ಬಾಗಿಲು, ಆದರೆ ರೆಕಾರ್ಡಿಂಗಿಗೆ ಕೂತರೆ ತನಗೇ ಗೊತ್ತಿಲ್ಲದೆ ಗುನುಗುತ್ತಿದ್ದ, ಯಾವ ಹಾಡೂ ಅಲ್ಲದ ಗುನುಗು, ಇವಳು ಸಿಡುಕುತ್ತಿದ್ದಳು, ಅಫ್ತಾಬ, ಮತ್ತ ಸುರು ಮಾಡಿದಿ, ಮನಷ್ಯಾರ ಸದ್ದು ಬ್ಯಾಡ ಅಂತ ಮಾತಾಡ್ಕೊಂಡೇವಿಲ್ಲ, ಅವನು, ಆತು ಬಿಡವಾ, ಬಾಯಿಗೆ ಬೀಗ ಹಾಕ್ಕೋತೇನಿ, ಐದು ನಿಮಿಷಕ್ಕೆ ಮತ್ತೆ ಗುನುಗು, ಅದನ್ನೆಲ್ಲ ಮನೆಯಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕತ್ತರಿಸಿ ತೆಗೆದವಳು ಇವಳೇ, ಕತ್ತರಿಸಿದಲ್ಲಿ ಬೇರೆ ದಿನದ ನೀರು ತಂದು ಅಂಟಿಸಿ, ಮೂಲವನ್ನು ಅಳಿಸಿ ಅದೇ ಮೆಮೊರಿ ಕಾರ್ಡಿಗೆ ಮುಂದಿನ ಊರು ತುಂಬಿಸಿ, ಎಷ್ಟು ಚೊಕ್ಕ ಕೆಲಸ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡವಳು, ಪಾಪಿ.

ಎಲ್ಲಾದರೂ ಒಂದು ಕಡೆ ಕೈ ತಪ್ಪಿರಬೇಕು, ಬೆಳಗಿನಿಂದ ಹುಡುಕುತ್ತಿದ್ದಾಳೆ, ಒಂದು ಕೆಮ್ಮಾದರೂ, ಒಂದು ಉಸಿರಾದರೂ, ಇಲ್ಲ, ಎಲ್ಲೂ ಕೈ ತಪ್ಪಿಲ್ಲ — ಆಚೆ ರಸ್ತೆಯಲ್ಲಿ ಬಸ್ಸು ನಿಂತಿತು, ಶೈಸ್ತಾ ಇಳಿದಳು, ಹಿಂದೆಯೇ ಅವಳ ತಾಯಿಯೂ, ಅಯ್ಯೋ, ಅಮ್ಮಿಯೇ ಬಂದುಬಿಟ್ಟಳಲ್ಲ, ಏನು ಹೇಳುವುದು, ಹದಿನೇಳನೇ ನಿಮಿಷ, ಇಲ್ಲಿ ಅವನು ಕಣ್ಣು ಮುಚ್ಚಿದ್ದು ನೆನಪಿದೆ, ಕತ್ತು ವಾಲಿಸಿದ್ದು ನೆನಪಿದೆ, ತುಟಿ ಅಲುಗುತ್ತಿತ್ತು, ಕಿವಿಯಲ್ಲಿ ನೀರು, ಮತ್ತೆ ಹಿಂದಕ್ಕೆ ಒತ್ತಿದಳು, ತುಟಿ ಅಲುಗುತ್ತದೆ, ನೀರು, ಅಮ್ಮಿ ಸೆರಗು ಸರಿಮಾಡಿಕೊಂಡು ದಿಬ್ಬ ಹತ್ತುತ್ತಿದ್ದಾಳೆ, ಅವನ ತುಟಿ, ನೀರು, ತುಟಿ —