ಬೆಕ್ಕು ಕೂತ ಗಿಡ

ಕಬ್ಬೂರಿನ ಗಂಗೂಬಾಯಿ ಸೊಸೆ ಮಾಡಿದ ಅಡಿಗೆ ಉಣ್ಣುವುದನ್ನು ಬಿಟ್ಟು ಇಪ್ಪತ್ತು ದಿನವಾಗಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಸೊಸೆ ತೃಪ್ತಿಯ ಚೀಲದಲ್ಲಿ ಎಣ್ಣೆ ಮೆತ್ತಿದ ಮರಾಠಿ ಪೇಪರಿನ ಪೊಟ್ಟಣ ಸಿಕ್ಕಿತ್ತು. ಬಿಚ್ಚಿದರೆ ಉಳ್ಳಾಗಡ್ಡಿ ಭಜಿಯ ಚೂರು. ಗಂಗೂಬಾಯಿ ತನ್ನ ಗಂಡ ಭೂಪಾಲನ ಜೋಡಿ ಜೈನ ಮುನಿಗಳ ಮುಂದೆ ನಿಂತು, ಉಳ್ಳಾಗಡ್ಡಿಯಂಥ ಕಂದಮೂಲ ಬಿಟ್ಟು ಹನ್ನೊಂದು ವರ್ಷವಾದ ಮನೆ ಅದು.

"ಹೊರಗ ಇದನ್ನ ತಿಂದು ಬಂದು ನನ್ನ ಒಲಿ ಮುಟ್ಟತಿ ಏನವಾ?"

ತೃಪ್ತಿ ಒಮ್ಮೆ ಮಾವನ ಮುಖ ನೋಡಿ ತಲೆ ತಗ್ಗಿಸಿದಳು. ಭೂಪಾಲ ಅಡಿಕೆ ಕತ್ತರಿಸುತ್ತ, "ಹೋಗ್ಲಿ ಬಿಡ, ಇನ್ನೂ ಸಣ್ಣಾಕಿ," ಎಂದ. ಎಂಥ ದೊಡ್ಡ ಮನಸ್ಸು ಅನಿಸಿತ್ತು ಗಂಗೂಬಾಯಿಗೆ.

ಅಂದಿನಿಂದ ಅತ್ತೆಯ ಒಲೆ ಬೇರೆ. ಆದರೂ ತೃಪ್ತಿ ದಿನಾ ಸಾಲೆಗೆ ಹೋಗುವ ಮುಂಚೆ ಅವಳ ಕುಡಿಯುವ ನೀರು ಸೋಸಿಡುತ್ತಿದ್ದಳು. ಗಂಗೂಬಾಯಿ ಕಂಡೂ ಕಾಣದವಳಂತೆ ಕುಡಿಯುತ್ತಿದ್ದಳು.

ಒಂದು ಸಂಜೆ ತೃಪ್ತಿ ಸಾಲೆಯ ಮಕ್ಕಳಿಗಾಗಿ ಚಿತ್ರ ಬರೆಯುತ್ತಿದ್ದಳು. ನಾಯಿ ಒಂದು ಗಿಡದ ಬುಡಕ್ಕೆ ಬೊಗಳುತ್ತಿದೆ; ಬೆಕ್ಕು ಪಕ್ಕದ ಗಿಡದಲ್ಲಿ ಆರಾಮಾಗಿ ಕೂತಿದೆ.

"ಏನಿದು?"

"ಇಂಗ್ಲಿಷನ್ಯಾಗ ಒಂದ ಮಾತ ಐತ್ರಿ ಅತ್ತಿ. ತಪ್ಪ ತಿಳ್ಕೊಂಡು ಬ್ಯಾರೇದವರ ಬೆನ್ನ ಹತ್ತಿದವರಿಗೆ, ನೀ ಬೊಗಳೂ ಗಿಡಾನ ಬ್ಯಾರೆ ಅಂತಾರ."

"ನಾಯಿಗೇನ ಗೊತ್ತ ಪಾಪ. ಬೆಕ್ಕರೆ ಹೇಳಬಾರದೇನ?"

ತೃಪ್ತಿ ನಕ್ಕು ಬೆಕ್ಕಿಗೆ ಮೀಸೆ ಬರೆದಳು.

ರಜೆ ಬಂತು, ಅವಳು ರಾಯಬಾಗದ ತವರಿಗೆ ಹೋದಳು. ನಾಲ್ಕನೆಯ ದಿನ ಗಂಗೂಬಾಯಿ ಒಗೆಯಲೆಂದು ಗಂಡನ ಕೋಟು ಎತ್ತಿಕೊಂಡರೆ ಕಿಸೆಯಲ್ಲಿ ಅದೇ ಮರಾಠಿ ಪೇಪರು, ಅದೇ ವಾಸನೆ. ಭೂಪಾಲ ಬಾಗಿಲಲ್ಲೇ ನಿಂತಿದ್ದ.

"ನಾಲಗಿ ಕೇಳಲಿಲ್ಲ, ಗಂಗೂ. ಆವತ್ತಿನ ಪೊಟ್ಟಣಾನೂ ನಂದ. ನಿನ್ನ ಕಣ್ಣಿಗೆ ಬೀಳಬಾರದಂತ ಆಕಿ ಹೊರಗ ಚೆಲ್ಲಾಕ ಒಯ್ಯಾಕತ್ತಿದ್ಲು."

"ಭಜಿ ತಿಂದ್ರಿ, ತಿನ್ರಿ. ನಾ ಆಕಿನ್ನ ಬೈಯುವಾಗ ನಿಮ್ಮ ಬಾಯಾಗ ಏನಿತ್ತರಿ?"

ಹನ್ನೊಂದು ವರ್ಷ ಜೋಡಿಯೆಂದುಕೊಂಡ ವ್ರತದಲ್ಲಿ ಅವಳು ಒಬ್ಬಳೇ ಇದ್ದಳು. ಅದನ್ನಾದರೂ ನುಂಗಿಕೊಂಡಾಳು, "ಇನ್ನೂ ಸಣ್ಣಾಕಿ" ಎಂಬ ಆ ಮಾತು ಮಾತ್ರ ಗಂಟಲಲ್ಲೇ ನಿಂತಿತು.

ಅವಳು ಸೀರೆ ಬದಲಿಸಿ ಬಂದಳು.

"ಎಲ್ಲಿಗೆ?"

"ರಾಯಬಾಗಕ್ಕ. ಹೊತ್ತ ಮುಳುಗಿದ ಮ್ಯಾಲ ನಾ ಉಣ್ಣಾಂಗಿಲ್ಲ, ಅದರಾಗ ಸೊಸಿ ಕೈಲೆ ಉಣಬೇಕು."

"ಮತ್ತ ನನ್ನ ಊಟ?"

"ಬಸ್ ಸ್ಟ್ಯಾಂಡಿನ್ಯಾಗ ಭಜಿ ಎಣ್ಣಿ ಕಾದಿರತೈತಿ, ಹೋಗ್ರಿ."

ಬಸ್ಸು ತುಂಬಿತ್ತು. ಕಂಡಕ್ಟರ್ ತನ್ನ ಸೀಟು ಬಿಟ್ಟುಕೊಟ್ಟ. ಹೊತ್ತು ಮುಳುಗುವುದರೊಳಗೆ ಮುಟ್ಟುತ್ತದೆಯೇ ಎಂದು ಅವಳು ಅವನನ್ನು ಎರಡು ಸಲ ಕೇಳಿದಳು.