ಬಾಲ ನೋಡಿ ಹೇಳಿದ್ದು

ಊಟದ ಬಿಡುವಿಗೆ ಅಕ್ಕನ ಕ್ಲಿನಿಕ್ಕಿನ ಬಾಗಿಲು ಹಾಕಿದ್ದೇ ತಡ, ಅಲ್ಲೇ ಹಲ್ಲಿನ ಸೆಟ್ ಮಾಡುವ ತಮ್ಮ, ರೋಗಿಗಳು ಕಾಯುವ ಕೋಣೆಯ ಗಾಜಿನ ಮೀನುತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿದ. ಕತ್ತಲಾಯಿತೆಂದು ನಂಬಿದರೆ ಹುಳು ಹೊರಬಂದೀತೆಂಬ ಆಸೆ.

ಉಪ್ಪುನೀರು, ಹವಳ, ಮೀನು ಎಲ್ಲ ಅವನದೇ ಉಸ್ತುವಾರಿ. ಹಲ್ಲಿನ ಡಾಕ್ಟರಾದ ಅಕ್ಕ ಅದರ ಗೊಡವೆಗೆ ಹೋದವಳಲ್ಲ. ಹೋದ ತಿಂಗಳು ಬಂಡೆಯ ಸಂದಿಯಿಂದ ಹುಳುವೊಂದು ಇಣುಕಿದಾಗ ಮಾತ್ರ, ಎಲ್ಲ ಖಾಲಿ ಮಾಡು ಎಂದಿದ್ದಳು. ಅವನು ಎರಡು ಪುಸ್ತಕ ತಿರುವಿ, ಮೈಯ ಪಕ್ಕದಲ್ಲಿ ಬಿರುಗೂದಲಿದೆ, ಇದು ಉಳಿದ ಕೂಳು ತಿಂದು ತೊಟ್ಟಿ ಚೊಕ್ಕಟ ಮಾಡುವ ಜಾತಿ ಎಂದು ಧೈರ್ಯ ಹೇಳಿದ್ದ. ಅಷ್ಟು ಖಚಿತವಾಗಿ ಅವನು ಮಾತಾಡುವುದೇ ಅಪರೂಪ. ಆಮೇಲೆ ಮೂರು ಮೀನು ಮಾಯವಾದವು. ಉಳಿದದ್ದು ಒಂದೇ ಒಂದು ಕಿತ್ತಳೆ ಮೀನು. ಅಳುವ ಮಕ್ಕಳನ್ನು ಸುಮ್ಮನಾಗಿಸುತ್ತಿದ್ದದ್ದು ಅದೇ. ಬೆಳಿಗ್ಗೆ ಅಕ್ಕ ಚುಚ್ಚಿದ್ದಳು: "ನಿನ್ನ ಕಸ ಗುಡಿಸೋ ಹುಳ ಮೀನನ್ನೂ ಗುಡಿಸ್ತಾ ಇದೆಯಲ್ಲೋ."

ಹುಳುವಿಗೆ ಬೆಳಕು ಗೊತ್ತಾಗದಂತೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಚಿಮಟದ ತುದಿಯಲ್ಲಿ ಸಿಗಡಿ ಚೂರು ಹಿಡಿದು, ಬಾಯಿ ನೋಡುವ ಪುಟ್ಟ ಕನ್ನಡಿಯನ್ನು ಬಂಡೆಯ ಹಿಂದೆ ಇಳಿಬಿಟ್ಟ. ತಲೆಯ ಮೇಲೆ ಐದು ಮೀಸೆಯಿದ್ದರೆ ಬೇಟೆಗಾರ ಜಾತಿಯಿರಬಹುದು ಎಂದು ಪುಸ್ತಕದಲ್ಲಿತ್ತು. ಕನ್ನಡಿಯಲ್ಲಿ ಮಿರುಗುವ ತಲೆಯೊಂದು ಮೂಡಿತು. ಎಣಿಸಿದ. ಐದು. ಮತ್ತೆ ಎಣಿಸುವಷ್ಟರಲ್ಲಿ ಸಿಗಡಿ ಚೂರು ಇರಲಿಲ್ಲ.

ತಲೆ ಇದ್ದದ್ದು ಹಿಂದಿನ ತೂತಿನಲ್ಲಿ. ಹೋದ ತಿಂಗಳು ಮುಂದಿನ ಸಂದಿಯಿಂದ ಇಣುಕಿದ್ದು ಬರೀ ಬಾಲ; ಅವನು ಹೆಸರಿಟ್ಟದ್ದು ಅದಕ್ಕೆ. ಅಕ್ಕ ತೆಗೆದುಕೊಟ್ಟ ವಸಡಿನ ಅಚ್ಚನ್ನಷ್ಟೇ ನೋಡಿ, ತಾನು ಮುಖವನ್ನೇ ಕಾಣದವರ ಬಾಯಿಗೆ ಹಲ್ಲು ಮಾಡಿ ಅಭ್ಯಾಸವಾದವನು. ಇಲ್ಲೂ ಅದನ್ನೇ ಮಾಡಿದ್ದ.

ಗ್ಲೌಸ್ ಹಾಕಿ ಹುಳುವಿನ ಸಮೇತ ಬಂಡೆಯನ್ನು ಬಕೆಟ್ಟಿಗೆ ಎತ್ತಿಡುವಾಗ ಅಕ್ಕ ಬಂದಳು.

"ತಪ್ಪಾಯ್ತಕ್ಕ. ಬಾಲ ನೋಡಿ ಹೇಳ್ಬಿಟ್ಟಿದ್ದೆ. ಮೀನು ತಿಂದಿದ್ದು ಇದೇ."

ಅವಳು ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. "ಆ ಕನ್ನಡಿ ಇನ್ಯಾರ ಬಾಯಿಗೂ ಬೇಡ," ಎಂದಳು. "ಸರಿ, ಇನ್ನು ಬೇರೆ ಹುಳ ಇಲ್ಲ ತಾನೆ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ಇನ್ನೂ ಆರು ಬಂಡೆ ಇದೆ. ಎಲ್ಲದರ ಹಿಂಬದೀನೂ ನೋಡೋವರೆಗೆ ಹೇಳಲಾರೆ."

ಅಕ್ಕ ಗಡಿಯಾರದ ಕಡೆ ನೋಡಿದಳೇ ಹೊರತು ಖಾಲಿ ಮಾಡು ಎನ್ನಲಿಲ್ಲ. ಅವನು ಕಿತ್ತಳೆ ಮೀನನ್ನು ಬಲೆಯಲ್ಲಿ ಹಿಡಿದು ಬೇರೆ ಪಾತ್ರೆಯ ಉಪ್ಪುನೀರಿಗೆ ಬಿಟ್ಟ. ಮತ್ತೆ ಬಟ್ಟೆ ಹೊದಿಸಿ, ಎರಡನೆಯ ಬಂಡೆಯ ಹಿಂದೆ ಕನ್ನಡಿ ಇಳಿಸಿದ.