ಎರಡು ಬೆರಳು ಗಾಳಿ

ನಾನು ಒಂದು ಕಂಬಳಿ, ಅಪ್ಪಟ ಕರಿ ಕಂಬಳಿ. ಕಂಬಳಿಹುಳಕ್ಕೂ ನನಗೂ ನೆಂಟಸ್ತಿಕೆ ಇಲ್ಲ. ಇಬ್ಬರನ್ನು ಮುಟ್ಟಿದರೂ ಮೈ ತುರಿಸುತ್ತದೆ ಎನ್ನುವುದು ಕಾಕತಾಳೀಯ.

ಚಳ್ಳಕೆರೆ ಕಡೆಯ ಕುರಿಗಳ ಬೆನ್ನ ಮೇಲೆ ನಾನು ಬೆಳೆದೆ. ಬೀರಪ್ಪ ಎಂಬ ನೇಕಾರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನನ್ನನ್ನು ನೇಯ್ದ. ಆಮೇಲೆ ಹುಣಸೆಬೀಜದ ಗಂಜಿ ಕುಡಿಸಿದ. ಗಂಜಿ ಕುಡಿದವರು ಸೊರಗುತ್ತಾರೆ ಅಂತಾರೆ, ನಾನು ಮಾತ್ರ ಪೈಲ್ವಾನನ ಹಾಗೆ ಬಿರುಸಾದೆ. "ಇದ್ರೊಳಗೆ ಮಳೆ ಇಳಿಯಲ್ಲ, ಗಾಳಿ ನುಗ್ಗಲ್ಲ!" ಎಂದು ಸಂತೆಯಲ್ಲಿ ಅವನು ಕೂಗಿದಾಗ ನನ್ನ ಎಳೆಎಳೆಯೂ ಉಬ್ಬಿತು.

ಕೊಂಡವರು ಹಂಪಮ್ಮ. ಅವರ ಮಗಳು ಶೈಲಾ ಹಿಮಾಚಲದ ಒಂದು ಬೆಟ್ಟದೂರಿನಲ್ಲಿದ್ದಳು. ಗಂಡ ಓಂಕಾರಪ್ಪನಿಗೆ ರಸ್ತೆಯ ಹಿಮ ತೆಗೆಸುವ ಕೆಲಸ. ಹೆರಿಗೆ ತವರಿನಲ್ಲಿ ಆಗಬೇಕಿತ್ತು, ಮಗು ಅವಸರಪಟ್ಟು ಅಲ್ಲೇ ಹುಟ್ಟಿಬಿಟ್ಟಿತು. ಬಾಣಂತಿ ಬರದಿದ್ದರೆ ಬಾಣಂತನವೇ ಹೋಗಬೇಕಲ್ಲ! ಸಾಂಬ್ರಾಣಿ, ಓಂಕಾಳು, ಅಂಟಿನುಂಡೆ ಸಮೇತ ಹಂಪಮ್ಮ ರೈಲು ಹತ್ತಿದರು.

ಉತ್ತರಕ್ಕೆ ಹೋದಂತೆಲ್ಲ ಚಳಿ ಏರಿತು, ಹಂಪಮ್ಮನೂ ದಪ್ಪವಾದರು. ಎರಡು ಸ್ವೆಟರ್, ಕಿವಿಗೆ ಹತ್ತಿ, ತಲೆಗೆ ಮಂಕಿ ಟೋಪಿ, ಎಲ್ಲದರ ಮೇಲೆ ನಾನು. ಟಿಕೆಟ್ ನೋಡುವವರು ಈ ಸಾಮಾನು ಯಾರದೆಂದು ಮೂಗಿನಲ್ಲೇ ಕೇಳಿದರು: "ಯೇ ಸಾಮಾನ್ ಕಿಸ್ಕಾ ಹೈ?" ಸಾಮಾನಿನೊಳಗಿಂದ ಒಂದು ಕೈ ಬಂದು ಟಿಕೆಟ್ ಚಾಚಿತು. ಪಾಪ, ಅವರು ಎರಡು ಹೆಜ್ಜೆ ಹಿಂದೆ ಹಾರಿದರು.

ಓಂಕಾರಪ್ಪನ ಮನೆ ಚಿಕ್ಕದು. ಕಲ್ಲಿನ ಗೋಡೆ, ಎರಡು ಪದರದ ಗಾಜಿನ ಕಿಟಕಿ, ನಡುವೆ ಇದ್ದಿಲಿನ ಅಗ್ಗಿಷ್ಟಿಕೆ. ಹಂಪಮ್ಮನಿಗೆ ಸ್ವರ್ಗವೇ ಸಿಕ್ಕಿತು. ಕೆಂಡವಿಲ್ಲದೆ ಎಂಥ ಬಾಣಂತನ? ಮಗುವಿಗೆ ಎರೆದು, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಟ್ಟರು. ಬಾಣಂತಿಗೆ ಥಂಡಿ ತಾಗಬಾರದೆಂದು ಕಿಟಕಿ ಮುಚ್ಚಿದರು.

ಅಳಿಯ ಬಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದ. ಅತ್ತೆ ಮುಚ್ಚಿದರು. ಅಳಿಯ ತೆರೆದ. ಅತ್ತೆ ಮುಚ್ಚಿದರು. ಇಡೀ ವಾರ ಇದೇ ನಡೆಯಿತು, ಇಬ್ಬರೂ ಒಂದು ಮಾತೂ ಆಡಲಿಲ್ಲ! ಅತ್ತೆಯ ಮುಂದೆ ಬಾಯಿ ಬಿಡುವುದು ಮರ್ಯಾದೆಯಲ್ಲ ಎಂದು ಅವನು. ತೆರೆದ ಕಿಟಕಿ ಮುಚ್ಚಲು ಮರೆಯುತ್ತಾನೆ, ಅಳಿಯನ ಮರೆವನ್ನು ಎತ್ತಿ ಆಡುವುದು ಮರ್ಯಾದೆಯಲ್ಲ ಎಂದು ಇವರು.

ಒಂದು ದಿನ ಬೆಳಗಿನಿಂದ ಹಿಮ ಸುರಿಯಿತು. ಓಂಕಾರಪ್ಪ ಕೆಲಸಕ್ಕೆ ಹೋಗಿದ್ದ. ಹಂಪಮ್ಮ ಅಗ್ಗಿಷ್ಟಿಕೆಗೆ ಇನ್ನಷ್ಟು ಇದ್ದಿಲು ತುಂಬಿದರು, ಕಿಟಕಿಯ ಚಿಲಕ ಜಡಿದರು, ನನ್ನನ್ನು ಸುರುಳಿ ಸುತ್ತಿ ಬಾಗಿಲ ಕೆಳಗಿನ ಸಂದಿಗೆ ತುರುಕಿದರು. "ಈಗ ಬರಲಿ ನೋಡಣ ಗಾಳಿ!"

ಗಾಳಿ ಬರಲಿಲ್ಲ. ನಾನು ಅಷ್ಟು ಒಳ್ಳೆಯ ಕಂಬಳಿ.

ಸ್ವಲ್ಪ ಹೊತ್ತಿಗೆ ಶೈಲಾ, "ಅಮ್ಮಾ, ತಲೆ ಸಿಡೀತಿದೆ," ಎಂದಳು.

"ನಿದ್ದೆಗೆಟ್ಟಿದೀಯ, ಮಲಕ್ಕ."

ಮಲಗಿದಳು. ಮಗು ಆಗಲೇ ಮಲಗಿತ್ತು. ಹಾಲಿಗೆ ಏಳುವ ಹೊತ್ತು ಮೀರಿದರೂ ಅದು ಅಳಲಿಲ್ಲ. ಹಂಪಮ್ಮನೂ ಗೋಡೆಗೆ ಒರಗಿ ತೂಕಡಿಸತೊಡಗಿದರು. ಮೂವರ ಉಸಿರೂ ಭಾರವಾಗುವುದು ನೆಲದಲ್ಲಿದ್ದ ನನಗೆ ಕೇಳುತ್ತಿತ್ತು. ಎಲ್ಲರ ದನಿಯನ್ನು ಮನಸ್ಸಿನಲ್ಲೇ ಅಣಕಿಸಬಲ್ಲ ನನಗೆ ಹೊರಗೆ ಕೇಳುವ ಸ್ವಂತ ದನಿಯೇ ಇಲ್ಲ. ಎದ್ದೇಳ್ರೀ ಎಂದು ಹೇಗೆ ಕೂಗಲಿ?

ಆಗ ಶೈಲಾ ನಿದ್ದೆಗಣ್ಣಲ್ಲೇ ಗೊಣಗಿದಳು: "ಚಳಿ... ಕಂಬಳಿ ಕೊಡಮ್ಮ."

ಹಂಪಮ್ಮ ಎದ್ದರು, ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದು ಬಂದು ನನ್ನನ್ನು ಎಳೆದರು, ಎಳೆದವರು ಬಾಗಿಲ ಬುಡದಲ್ಲೇ ಕುಸಿದರು. ನಾನು ಹೊರಬಂದ ಸಂದಿಯಿಂದ ಹಿಮದ ಗಾಳಿ ಸುಯ್ಯೆಂದು ಅವರ ಮುಖಕ್ಕೇ ಬಡಿಯಿತು. ಒಂದು ಉಸಿರು, ಎರಡು ಉಸಿರು... ಕಣ್ಣು ಬಿಟ್ಟರು. ಹಿಂತಿರುಗಿ ಮಗುವನ್ನು ನೋಡಿದರು.

ಆಮೇಲೆ ಆ ಅರವತ್ತರ ಹೆಂಗಸಿಗೆ ಎಲ್ಲಿಂದ ಬಲ ಬಂತೋ! ಬಾಗಿಲು ಕಿತ್ತು ತೆರೆದರು, ಮಗುವನ್ನು ನನ್ನೊಳಗೆ ಸುತ್ತಿದರು, ಮಗಳ ರಟ್ಟೆ ಹಿಡಿದು ಜಗುಲಿಗೆ ದರದರ ಎಳೆದು ತಂದರು. "ಅಳು ಕಂದಾ, ಅಳು!" ಎಂದು ಮಗುವಿನ ಅಂಗಾಲು ತಿಕ್ಕಿದರು. ಮಗು ಸುಮ್ಮನಿತ್ತು. ಮತ್ತೆ ತಿಕ್ಕಿದರು. ನನ್ನ ಒರಟು ಎಳೆಯೊಂದು ಅದರ ಕೆನ್ನೆಗೆ ಚುಚ್ಚಿತೋ ಏನೋ, ಮುಖ ಸಿಂಡರಿಸಿ ಬೆಟ್ಟವೇ ಕೇಳುವಂತೆ ಕಿರುಚಿತು. ಚುಚ್ಚುವ ಕಂಬಳಿಯಾಗಿ ಹುಟ್ಟಿದ್ದಕ್ಕೆ ಅಂದು ಮೊದಲ ಸಲ ಸಂತೋಷಪಟ್ಟೆ.

ಅಷ್ಟರಲ್ಲಿ ಓಂಕಾರಪ್ಪನ ಜೀಪು ಬಂತು. ಮೂವರನ್ನೂ ಆಸ್ಪತ್ರೆಗೆ ಒಯ್ದ. ಆಕ್ಸಿಜನ್ ಕೊಟ್ಟರು. ಸಂಜೆಯ ಹೊತ್ತಿಗೆ ಡಾಕ್ಟರು ನಕ್ಕು, ಭಯವಿಲ್ಲ ಅಂದರು. ಓಂಕಾರಪ್ಪ ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡ.

"ಮುಚ್ಚಿದ ಮನೇಲಿ ಕೆಂಡ ವಿಷ ಕಾರುತ್ತೆ ಅತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅದಕ್ಕೇ ಕಿಟಕಿ ತೆಗೀತಿದ್ದೆ."

"ನಮ್ಮೂರಲ್ಲಿ ಮೂರು ಬಾಣಂತನ ಕೆಂಡದಲ್ಲೇ ಮಾಡಿದೀನಿ ಅಳಿಯಂದ್ರೆ!"

"ನಿಮ್ಮನೆ ಹಂಚಿನ ಸಂದೀಲಿ ಬೆಕ್ಕೇ ಇಳಿಯುತ್ತೆ. ಗಾಳಿ ಇಳಿಯಲ್ವ?"

ಹಂಪಮ್ಮ ಅಳಿಯನ ಕಡೆ ತಿರುಗಿದರು. "ಇದನ್ನ ಮೊದಲೇ ಬಾಯಿ ಬಿಟ್ಟು ಹೇಳೋದಲ್ವ?"

"ಅತ್ತೆಗೆ ಎದುರು ಮಾತಾಡಬಾರದು ಅಂತ..."

"ಆಡಿ! ದಿನಾ ಬೇಕಾದ್ರೂ ಆಡಿ!" ಎಂದು ಅತ್ತು ನಕ್ಕರು.

ಅಂದಿನಿಂದ ಅತ್ತೆ ಅಳಿಯಂದಿರು ಮಾತಾಡಿದ್ದೇ ಮಾತಾಡಿದ್ದು, ಕೇಳಿ ಕೇಳಿ ನನ್ನ ಅಂಚು ಸವೆಯಿತು. ಮಲಗುವ ಮುಂಚೆ ಅಗ್ಗಿಷ್ಟಿಕೆ ಹೊರಗೆ ಹೋಗುತ್ತಿತ್ತು, ಹೊದಿಕೆಗಳು ಒಳಗೆ ಬರುತ್ತಿದ್ದವು. ಊರಿಗೆ ಮರಳುವಾಗ ಹಂಪಮ್ಮ ನನ್ನನ್ನು ಮೊಮ್ಮಗಳಿಗೇ ಬಿಟ್ಟು ಹೋದರು.

ಈಗ ಆ ಹುಡುಗಿ ಶಾಲೆಗೆ ಹೋಗುತ್ತಾಳೆ, ನನ್ನನ್ನು ಮುಟ್ಟಿದರೆ "ಶ್ಶೀ, ಚುಚ್ಚುತ್ತೆ" ಅನ್ನುತ್ತಾಳೆ. ಹುಳ ತಿಂದು ನಾನು ತುಂಡಾಗಿದ್ದೇನೆ. ನನ್ನ ಒಂದು ತುಂಡನ್ನು ಶೈಲಾ ಮಡಿಸಿ ಕಿಟಕಿಯ ಚೌಕಟ್ಟಿಗೆ ಸಿಕ್ಕಿಸಿದ್ದಾಳೆ. ಗಾಳಿ ತಡೆಯುವುದಕ್ಕಲ್ಲ. ಬಿರುಗಾಳಿ ಬಂದರೂ ಕಿಟಕಿ ಪೂರ್ತಿ ಮುಚ್ಚಿಕೊಳ್ಳದೆ ಎರಡು ಬೆರಳಷ್ಟು ತೆರೆದಿರಲಿ ಎಂದು.

ಹೊರಗೆ ಹಿಮ ಬೀಳುತ್ತಿದೆ. ಒಳಗೆ ಮೂವರೂ ಗೊರಕೆ ಹೊಡೆಯುತ್ತಿದ್ದಾರೆ. ಓಂಕಾರಪ್ಪನದು ಜೀಪಿನ ದನಿ, ಶೈಲಾಳದು ಕುಕ್ಕರಿನದು. ಆ ಹುಡುಗಿಯದು ಹಗುರ, ಅಣಕಿಸಲು ನನಗಿನ್ನೂ ಬಂದಿಲ್ಲ. ಕೇಳುತ್ತಾ ಇದ್ದೇನೆ.